ಸೆಸ್ನಾ ಕೊಳ್ಳಲು ಹೊರಟ ಮಗಳಿಗೆ ದೊಡ್ಡಪ್ಪನ ಪತ್ರ

ಚಿ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕ್ಯಾಲಿಫೋರ್ನಿಯಾದಿಂದ ಕಳಿಸಿದ ವಿಮಾನದ ಜಾಹೀರಾತು ಓದಿದೆ. 1978ರ ಸೆಸ್ನಾ 172ಎನ್, 160 ಅಶ್ವಶಕ್ತಿಯ ಲೈಕಮಿಂಗ್ ಇಂಜಿನ್, ಓವರ್‌ಹಾಲ್ (ಪೂರ್ತಿ ಬಿಚ್ಚಿ ಸರಿಪಡಿಸಿ ಮತ್ತೆ ಜೋಡಿಸುವುದು) ಆದಮೇಲೆ ಬರೀ 310 ಗಂಟೆ ಓಡಿದೆ ಅಂತ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಓವರ್‌ಹಾಲ್ ಆದದ್ದು 2008ರಲ್ಲಿ ಎಂಬುದು ಕೊನೆಯ ಸಾಲಿನಲ್ಲಿದೆ. ಈ ಇಂಜಿನ್ನಿಗೆ ಅದನ್ನು ತಯಾರಿಸಿದ ಲೈಕಮಿಂಗ್ ಕಂಪನಿ ಮುಂದಿನ ಓವರ್‌ಹಾಲ್ ತನಕ ಹೇಳುವ ಅವಧಿ 2,000 ಗಂಟೆ ಅಥವಾ 12 ವರ್ಷ, ಯಾವುದು ಮೊದಲೋ ಅದು. ಸ್ವಂತಕ್ಕೆ ಹಾರಿಸುವವರಿಗೆ ಅದು ಕಾನೂನಿನ ಕಟ್ಟುಪಾಡಲ್ಲ, ಸಲಹೆ ಮಾತ್ರ. ಆದರೂ ಇಷ್ಟು ವರ್ಷಕ್ಕೆ 310 ಗಂಟೆ ಎನ್ನುವುದನ್ನು ಮಾರುವವರು ಗುಣವೆಂದು ಹೇಳಿದರೆ ನೀನು ದೋಷವೆಂದು ಓದಬೇಕು. ವಿಮಾನ ಹಾರಿಸಿದ್ದಕ್ಕಿಂತ ನಿಲ್ಲಿಸಿದ್ದಕ್ಕೆ ಬೇಗ ಹಾಳಾಗುತ್ತದೆ.

ಯಾಕೆಂದು ಹೇಳುತ್ತೇನೆ. ಲೈಕಮಿಂಗ್ ಇಂಜಿನ್ನಿನಲ್ಲಿ ವಾಲ್ವುಗಳನ್ನು ತೆರೆಯಿಸುವ ಕ್ಯಾಮ್‌ಶಾಫ್ಟ್ ಇರುವುದು ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನ ಮೇಲೆ. ಇಂಜಿನ್ ನಿಂತ ಮೇಲೆ ಆಯಿಲ್ ಕೆಳಗಿಳಿದು ಕ್ಯಾಮ್ ಒಣಗುತ್ತಾ ಬರುತ್ತದೆ. ಒಳಗೆ ಉಳಿದ ತೇವಾಂಶ ಅದರ ಮೇಲೆ ತುಕ್ಕಿನ ಚುಕ್ಕೆ ಎಬ್ಬಿಸುತ್ತದೆ. ಆಮೇಲೆ ಸ್ಟಾರ್ಟ್ ಮಾಡಿದಾಗಲೆಲ್ಲ, ಕ್ಯಾಮಿಗೆ ಒತ್ತಿಕೊಂಡು ವಾಲ್ವನ್ನು ತಳ್ಳುವ ಟ್ಯಾಪೆಟ್ ಆ ಒರಟು ಜಾಗದ ಮೇಲೆ ಉಜ್ಜಿ ಎರಡನ್ನೂ ಸವೆಸುತ್ತದೆ. ಉದುರಿದ ಉಕ್ಕು ಆಯಿಲ್ ಜೊತೆ ಬೇರಿಂಗುಗಳಿಗೂ ಹೋಗುತ್ತದೆ. ವಾರಕ್ಕೊಮ್ಮೆ ನೆಲದ ಮೇಲೇ ಹತ್ತು ನಿಮಿಷ ಇಂಜಿನ್ ಓಡಿಸಿ ಆಫ್ ಮಾಡುವುದರಿಂದ ಲಾಭವಿಲ್ಲ, ನಷ್ಟವೇ ಹೆಚ್ಚು: ಪೆಟ್ರೋಲು ಉರಿದಾಗ ನೀರಿನಾವಿ ಹುಟ್ಟುತ್ತದೆ, ಆಯಿಲ್ 180 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಮುಟ್ಟದೆ ಅದು ಆರಿ ಹೋಗುವುದಿಲ್ಲ. ಆ ಕಾವು ಬರಬೇಕಾದರೆ ಹಾರಲೇಬೇಕು. ಎರಡು ವಾರಕ್ಕೊಮ್ಮೆ ಒಂದು ಗಂಟೆ ಹಾರಿಸುವಷ್ಟು ಬಿಡುವು ನಿನಗಿಲ್ಲವೆಂದರೆ ಒಬ್ಬಳೇ ಕೊಳ್ಳಬೇಡ, ಒಳ್ಳೆಯ ಪಾಲುದಾರರನ್ನು ಹುಡುಕು.

172ಎನ್‌ಗೆ ಹಾಕಿರುವ ಓ-320-ಎಚ್2ಎಡಿ ಎಂಬ ಈ ಮಾದರಿಗೆ ಕ್ಯಾಮ್ ಮತ್ತು ಟ್ಯಾಪೆಟ್ ತೊಂದರೆ ಹುಟ್ಟಿನಿಂದಲೇ ಇದೆ. ಅದಕ್ಕಾಗಿ 1980ರಲ್ಲೇ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಒಂದು ಏರ್‌ವರ್ದಿನೆಸ್ ಡೈರೆಕ್ಟಿವ್, ಅಂದರೆ ಎ.ಡಿ. ಎಂಬ ಸುರಕ್ಷತೆಯ ಆದೇಶ, ಹೊರಡಿಸಿ ಲೈಕಮಿಂಗಿನ ಎಲ್‌ಡಬ್ಲ್ಯೂ-16702 ಎಂಬ ಆಡಿಟಿವ್ ಅನ್ನು ಆಯಿಲಿಗೆ ಬೆರೆಸುವುದನ್ನು ಕಡ್ಡಾಯ ಮಾಡಿತು. ಏರೋಶೆಲ್ 15ಡಬ್ಲ್ಯೂ-50 ಆಯಿಲಿನಲ್ಲಿ ಅದು ಮೊದಲೇ ಬೆರೆತಿರುತ್ತದೆ. ಪ್ರತಿ ಆಯಿಲ್ ಬದಲಾವಣೆಯಲ್ಲೂ ಇದನ್ನು ಹಾಕಿದ ದಾಖಲೆ ಲಾಗ್‌ಬುಕ್ಕಿನಲ್ಲಿದೆಯೇ ನೋಡು. ಒಂದು ಅನುಕೂಲವೂ ಉಂಟು. ಬೇರೆ ಲೈಕಮಿಂಗುಗಳಲ್ಲಿ ಟ್ಯಾಪೆಟ್ ನೋಡಬೇಕಾದರೆ ಇಂಜಿನ್ನಿನ ಕೇಸನ್ನೇ ಬಿಚ್ಚಬೇಕು. ಎಚ್2ಎಡಿಯಲ್ಲಿ ಟ್ಯಾಪೆಟ್ಟನ್ನು ಹೊರಗಿನಿಂದಲೇ ಎಳೆದು ಅದರ ಮುಖ ನೋಡಬಹುದು, ಆ ತೂತಿನಿಂದ ಕ್ಯಾಮಿನ ಉಬ್ಬನ್ನೂ ನೋಡಬಹುದು. ಇದಕ್ಕೆ ಒಪ್ಪದ ಮಾರಾಟಗಾರರ ಜೊತೆ ಮಾತು ಮುಂದುವರಿಸಬೇಡ.

ಕೊಳ್ಳುವ ಮುಂಚಿನ ತಪಾಸಣೆಗೆ ಈ ವಿಮಾನವನ್ನು ಹಿಂದೆ ಮುಟ್ಟದ ಮೆಕ್ಯಾನಿಕ್ ಬೇಕು. ದುಡ್ಡು ಉಳಿಯುವ ಕ್ರಮದಲ್ಲಿ ಮಾಡಿಸು: ಮೊದಲು ಲಾಗ್‌ಬುಕ್, ಆಮೇಲೆ ಇಂಜಿನ್, ಕೊನೆಗೆ ವಿಮಾನದ ಮೈ. ಮೊದಲ ಎರಡರಲ್ಲೇ ಬಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ಕಂಪ್ರೆಷನ್ ಪರೀಕ್ಷೆಯಲ್ಲಿ 80 ಪೌಂಡ್ ಒತ್ತಡದ ಗಾಳಿ ಕೊಟ್ಟು ಸಿಲಿಂಡರಿನಲ್ಲಿ ಎಷ್ಟು ನಿಲ್ಲುತ್ತದೆಂದು ನೋಡುತ್ತಾರೆ. ಸಂಖ್ಯೆಗಿಂತ ಗಾಳಿ ಎಲ್ಲಿಂದ ಸೋರುತ್ತದೆ ಎಂಬುದು ಮುಖ್ಯ. ಎಕ್ಸಾಸ್ಟ್ ಪೈಪಿನಲ್ಲಿ ಉಸ್ಸೆಂದರೆ ಎಕ್ಸಾಸ್ಟ್ ವಾಲ್ವ್, ಕಾರ್ಬೊರೇಟರ್ ಕಡೆ ಕೇಳಿದರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕುವ ಬಾಯಿಂದ ಬಂದರೆ ಪಿಸ್ಟನ್ ರಿಂಗು. ಜೊತೆಗೆ ಸಿಲಿಂಡರಿನೊಳಗೆ ಬೋರೋಸ್ಕೋಪ್ ಎಂಬ ಪುಟ್ಟ ಕ್ಯಾಮೆರಾ ಇಳಿಸಿ ಎಕ್ಸಾಸ್ಟ್ ವಾಲ್ವುಗಳ ಫೋಟೊ ತೆಗೆಸು. ವಾಲ್ವಿನ ಮುಖದ ಬಣ್ಣ ನಡುವಿನಿಂದ ಸುತ್ತಲೂ ಒಂದೇ ಸಮ ಇರಬೇಕು. ಅಂಚಿನ ಒಂದೇ ಪಕ್ಕದಲ್ಲಿ ಬಣ್ಣ ಬೇರೆಯಾಗಿದ್ದರೆ ಅದು ಸುಡುತ್ತಿದೆ ಎಂದರ್ಥ. ಈ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗಿಗೆ ಕರೆಂಟ್ ಕೊಡುವ ಎರಡು ಮ್ಯಾಗ್ನೆಟೊ ಒಂದೇ ಗೂಡಿನಲ್ಲಿ, ಒಂದೇ ದಂಡಕ್ಕೆ ಜೋಡಿಸಿವೆ. ಆ ಒಂದು ದಂಡ ಕೆಟ್ಟರೆ ಎರಡೂ ಹೋಗುತ್ತವೆ, ಹಾಗಾಗಿ ಅದರ 500 ಗಂಟೆಯ ತಪಾಸಣೆ ಯಾವಾಗ ಆಗಿದೆ ನೋಡು.

ಮೈಯಲ್ಲಿ ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಲೋಹದ ಗೋಡೆ, ಅಂದರೆ ಫೈರ್‌ವಾಲ್, ಸುಕ್ಕುಗಟ್ಟಿದ್ದರೆ ಮೂಗಿನ ಚಕ್ರ ಎಂದೋ ನೆಲಕ್ಕೆ ಬಲವಾಗಿ ಬಡಿದಿದೆ. ಆಗ ಪ್ರೊಪೆಲ್ಲರ್ ನೆಲಕ್ಕೆ ತಾಗಿತ್ತೇ, ತಾಗಿದ್ದರೆ ಇಂಜಿನ್ ಬಿಚ್ಚಿ ನೋಡಿದರೇ ಎಂದು ಕೇಳು. ಲೈಕಮಿಂಗಿಗೆ ಅದಕ್ಕೂ ಎ.ಡಿ. ಇದೆ. ಕಡಲ ಹತ್ತಿರ ಬಯಲಲ್ಲಿ ಕಟ್ಟಿ ನಿಲ್ಲಿಸಿದ್ದ ವಿಮಾನವಾದ್ದರಿಂದ ತುಕ್ಕು ಹಿಡಿದಿದೆಯೇ ನೋಡಲು ರೆಕ್ಕೆಯ ಇನ್‌ಸ್ಪೆಕ್ಷನ್ ಮುಚ್ಚಳಗಳನ್ನೆಲ್ಲ ತೆಗೆಸಿ ಒಳಗೆ ಟಾರ್ಚು ಹಾಕಿಸು.

ಎಲ್ಲಕ್ಕಿಂತ ಹೆಚ್ಚು ನಾನು ಒತ್ತಿ ಹೇಳುವುದು ಸೀಟಿನ ಬಗ್ಗೆ. ಸೆಸ್ನಾದ ಮುಂದಿನ ಸೀಟುಗಳು ಹಳಿಯ ಮೇಲೆ ಜಾರುತ್ತವೆ, ಒಂದು ಪಿನ್ನು ಹಳಿಯ ತೂತಿಗೆ ಬಿದ್ದು ಹಿಡಿದುಕೊಳ್ಳುತ್ತದೆ. ತೂತು ಸವೆದರೆ ಅಥವಾ ಪಿನ್ನು ಅರ್ಧ ಮಾತ್ರ ಕೂತಿದ್ದರೆ, ಮೂಗು ಮೇಲೆತ್ತಿ ಏರುವಾಗ ಸೀಟು ಹಿಂದಕ್ಕೆ ಜಾರುತ್ತದೆ. ಕೈಯಲ್ಲಿದ್ದ ಯೋಕ್, ಅಂದರೆ ವಿಮಾನದ ಹಿಡಿಚಕ್ರ, ಜೊತೆಗೇ ಹಿಂದೆ ಬರುತ್ತದೆ, ಮೂಗು ಇನ್ನೂ ಮೇಲೇರುತ್ತದೆ, ನೆಲಕ್ಕೆ ಹತ್ತಿರದಲ್ಲೇ ರೆಕ್ಕೆ ಎತ್ತುವ ಬಲ ಕಳೆದುಕೊಂಡು ವಿಮಾನ ಸ್ಟಾಲ್ ಆಗುತ್ತದೆ. ಜನ ಸತ್ತಿದ್ದಾರೆ. 2011ರ ಎ.ಡಿ. ಪ್ರಕಾರ ಈ ಹಳಿಗಳನ್ನು 100 ಗಂಟೆಗೆ ಅಥವಾ 12 ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಪೈಲಟ್ ಸೀಟಿಗೆ ಸೆಸ್ನಾದವರೇ ಎರಡನೆಯ ತಡೆ ಎಂದು ಬೆಲ್ಟಿನಂಥ ಒಂದು ಪಟ್ಟಿ ಒದಗಿಸಿದ್ದಾರೆ, ಇಲ್ಲದಿದ್ದರೆ ಹಾಕಿಸು. ಪ್ರತಿ ಟೇಕಾಫಿಗೆ ಮುಂಚೆ ಸೊಂಟದಿಂದ ಸೀಟನ್ನು ಹಿಂದೆ ಮುಂದೆ ಅಲ್ಲಾಡಿಸಿ ನೋಡು, ಪಕ್ಕದಲ್ಲಿ ಕೂತವರ ಕೈಯಲ್ಲೂ ಮಾಡಿಸು. ಸೀಟು ಜಾರಿದರೂ ಯೋಕ್ ಹಿಡಿದು ಎಳೆಯಬಾರದು ಎಂದು ಅವರಿಗೆ ನೆಲದಲ್ಲೇ ಹೇಳಿಡು.

ಆನ್ಯುವಲ್ ಇನ್‌ಸ್ಪೆಕ್ಷನ್ 12 ತಿಂಗಳಿಗೊಮ್ಮೆ, ಅದಕ್ಕೆ ಐಎ (ಇನ್‌ಸ್ಪೆಕ್ಷನ್ ಆಥರೈಸೇಷನ್) ಅಧಿಕಾರವಿರುವ ಮೆಕ್ಯಾನಿಕ್ಕಿನ ಸಹಿ ಬೇಕು. ರೇಡಾರಿಗೆ ಗುರುತು ಹೇಳುವ ಟ್ರಾನ್ಸ್‌ಪಾಂಡರಿನ ಪರೀಕ್ಷೆ 24 ತಿಂಗಳಿಗೆ, ಅಪಘಾತವಾದಾಗ ಸಂಕೇತ ಕಳಿಸುವ ಇಎಲ್‌ಟಿಯದು 12 ತಿಂಗಳಿಗೆ. ಇಂಜಿನ್ನಿನ ಹೊಗೆ ಹಾದುಹೋಗುವ ಮಫ್ಲರಿಗೆ ಗಾಳಿ ತುಂಬಿ ಸೋರಿಕೆ ನೋಡಲು ಪ್ರತಿ ಆನ್ಯುವಲ್‌ನಲ್ಲೂ ಹೇಳು. ಕ್ಯಾಬಿನ್ನಿನ ಬಿಸಿಗಾಳಿ ಬರುವುದು ಅದರ ಸುತ್ತಿನಿಂದಲೇ. ಬಿರುಕು ಬಿಟ್ಟರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಒಳಗೆ ಬರುತ್ತದೆ. ಬಣ್ಣ ಬದಲಾಗುವ ಅಂಟು ಚೀಟಿಯನ್ನು ನಂಬಬೇಡ, ಕೂಗುವ ಎಲೆಕ್ಟ್ರಾನಿಕ್ ಡಿಟೆಕ್ಟರ್ ಇಡು.

ಆಯಿಲ್ ಬದಲಾವಣೆ, ಸ್ಪಾರ್ಕ್ ಪ್ಲಗ್, ಟೈರು, ಬ್ಯಾಟರಿಯಂಥ ಕೆಲಸಗಳನ್ನು ಪೈಲಟ್ ಆದ ಮಾಲೀಕಳು ತಾನೇ ಮಾಡಿ ಲಾಗ್‌ಬುಕ್ಕಿನಲ್ಲಿ ಸಹಿ ಹಾಕಬಹುದು. ಮೊದಲ ಎರಡು ಸಲ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡು. ಆಯಿಲ್ ಬದಲಿಸುವುದು ಫಿಲ್ಟರ್ ಇದ್ದರೆ 50 ಗಂಟೆಗೆ, ಬರೀ ಜಾಲರಿಯಿದ್ದರೆ 25 ಗಂಟೆಗೆ. ಗಂಟೆ ತುಂಬದಿದ್ದರೂ ನಾಲ್ಕು ತಿಂಗಳಿಗೆ ಬದಲಿಸಲೇಬೇಕು. ಹಳೆಯ ಫಿಲ್ಟರನ್ನು ಎಸೆಯಬೇಡ. ಅದಕ್ಕೆಂದೇ ಇರುವ ಕಟರಿನಿಂದ ಡಬ್ಬಿ ಬಿಡಿಸು. ಗರಗಸ ಹಾಕಿದರೆ ಅದರದೇ ಪುಡಿ ಒಳಗೆ ಬಿದ್ದು ಲೆಕ್ಕ ತಪ್ಪುತ್ತದೆ. ಒಳಗಿನ ಕಾಗದದ ಮಡಿಕೆಯನ್ನು ಕತ್ತರಿಸಿ, ಹಿಂಡಿ, ಬಿಸಿಲಿನಲ್ಲಿ ಉದ್ದಕ್ಕೆ ಹರಡಿ ಹೊರಳಿಸುತ್ತಾ ನೋಡು. ಮಿನುಗುವ ಚೂರಿದ್ದರೆ ಅಯಸ್ಕಾಂತ ಹಿಡಿ. ಅಂಟಿದರೆ ಉಕ್ಕು, ಕ್ಯಾಮ್ ಟ್ಯಾಪೆಟ್ಟಿನ ಕಡೆ ಅನುಮಾನ. ಅಂಟದಿದ್ದರೆ ಅಲ್ಯೂಮಿನಿಯಂ ಅಥವಾ ಕಂಚು. ಪ್ರತಿ ಸಲದ ಫೋಟೊ ತಾರೀಖು ಸಮೇತ ಇಟ್ಟುಕೋ, ಹಿಂದಿನದರ ಜೊತೆ ಹೋಲಿಸಿದಾಗಲೇ ಹೆಚ್ಚಾಗುತ್ತಿದೆಯೇ ತಿಳಿಯುವುದು. ಹೊಸ ಫಿಲ್ಟರಿನ ರಬ್ಬರಿಗೆ ಡಿಸಿ-4 ಎಂಬ ಗ್ರೀಸ್ ಸವರಿ, ಡಬ್ಬಿಯ ಮೇಲೆ ಬರೆದ 16ರಿಂದ 18 ಫುಟ್-ಪೌಂಡಿಗೆ ಟಾರ್ಕ್ ರೆಂಚಿನಿಂದ ಬಿಗಿದು, ಬಿಗಿಯುವ ದಿಕ್ಕಿಗೇ ಎಳೆಯುವ ಹಾಗೆ ಸೇಫ್ಟಿ ವೈರ್ ಹಾಕು. ಇಂಜಿನ್ ಓಡಿಸಿ ಸೋರಿಕೆ ನೋಡದೆ ಇಂಜಿನ್ನಿನ ಹೊದಿಕೆ, ಅಂದರೆ ಕೌಲಿಂಗ್, ಮುಚ್ಚಬೇಡ.

ಖರ್ಚಿನ ಲೆಕ್ಕದಲ್ಲಿ ಎಲ್ಲರೂ ಮರೆಯುವುದು ಮುಂದಿನ ಓವರ್‌ಹಾಲ್. ಅದಕ್ಕೆ 40,000 ಡಾಲರ್ ಎಂದೇ ಹಿಡಿದರೂ 2,000 ಗಂಟೆಗೆ ಹಂಚಿದಾಗ ಗಂಟೆಗೆ 20 ಡಾಲರ್. ಹಾರಿದಾಗಲೆಲ್ಲ ಅಷ್ಟನ್ನು ಬೇರೆ ಖಾತೆಗೆ ಹಾಕು. ಈ ಇಂಜಿನ್ನಿಗೆ ಈಗಾಗಲೇ ವಯಸ್ಸಾಗಿರುವುದರಿಂದ ಕೊಳ್ಳುವ ದಿನವೇ ಒಂದಷ್ಟು ದುಡ್ಡು ಬದಿಗಿಡುವುದು ಮೇಲು. ಕ್ಯಾಲಿಫೋರ್ನಿಯಾದಲ್ಲಿ ಕೊಂಡಾಗಿನ ತೆರಿಗೆಯಲ್ಲದೆ ವಿಮಾನವನ್ನು ಸಾಮಾನ್ಯವಾಗಿ ಯಾವ ಕೌಂಟಿಯಲ್ಲಿ ಇಡುತ್ತೀಯೋ ಅಲ್ಲಿ ಜನವರಿ 1ರ ಲೆಕ್ಕಕ್ಕೆ ವರ್ಷಾವರ್ಷ ಆಸ್ತಿ ತೆರಿಗೆಯೂ ಬರುತ್ತದೆ. ಸ್ಯಾನ್ ಹೋಸೆಯ ರೀಡ್-ಹಿಲ್‌ವ್ಯೂ ಏರ್‌ಪೋರ್ಟಿನಲ್ಲಿ ವಿಮಾನ ನಿಲ್ಲಿಸಲು ಜಾಗ ಸಿಗುತ್ತದೆಂದು ಬರೆದಿದ್ದೀಯ. 2022ರ ಜನವರಿಯಿಂದ ಸಾಂತಾ ಕ್ಲಾರಾ ಕೌಂಟಿ ಅಲ್ಲಿ 100ಎಲ್‌ಎಲ್ ಎಂಬ ಸೀಸವಿರುವ ವಿಮಾನದ ಪೆಟ್ರೋಲಿನ ಮಾರಾಟ ನಿಲ್ಲಿಸಿತು. ನಿನ್ನ ಇಂಜಿನ್ನಿಗೆ ಬೇಕಾದದ್ದು 100 ಆಕ್ಟೇನ್. ಎಲ್ಲಿ ತುಂಬಿಸುತ್ತೀ ಎಂದು ಮೊದಲೇ ಗೊತ್ತುಮಾಡಿಕೋ.

ಇನ್ನು ವಿಮೆ. ಒಬ್ಬ ಬ್ರೋಕರನ್ನು ಹಿಡಿದು ಅವನ ಮೂಲಕವೇ ಎಲ್ಲ ಕಂಪನಿಗಳ ದರ ತರಿಸು. ಇಬ್ಬರು ಬ್ರೋಕರುಗಳು ಒಂದೇ ಕಂಪನಿಗೆ ನಿನ್ನ ಹೆಸರು ಕಳಿಸಿದರೆ ಕಂಪನಿ ಮೊದಲನೆಯವನಿಗೆ ಮಾತ್ರ ಉತ್ತರಿಸುತ್ತದೆ. ಸಾಮಾನ್ಯವಾಗಿ ಸಿಗುವುದು ಅಪಘಾತವೊಂದಕ್ಕೆ 10 ಲಕ್ಷ ಡಾಲರ್ ಹೊಣೆ, ಒಳಗೆ ಪ್ರತಿ ಪ್ರಯಾಣಿಕರಿಗೆ 1 ಲಕ್ಷದ ಮಿತಿ. ಆ ಒಳಮಿತಿಯಿಲ್ಲದ್ದನ್ನು ಸ್ಮೂತ್ ಎನ್ನುತ್ತಾರೆ, ಕೊಟ್ಟರೆ ತೆಗೆದುಕೋ. ವಿಮಾನದ ಬೆಲೆಯನ್ನು ಪ್ರೀಮಿಯಂ ಉಳಿಸಲೆಂದು ಕಡಿಮೆ ಬರೆಸಬೇಡ. 1,10,000 ಬಾಳುವ ವಿಮಾನಕ್ಕೆ 70,000 ಬರೆಸಿ, ಪ್ರೊಪೆಲ್ಲರ್ ತಾಗಿ ಮೂಗು ಮುರಿದು 55,000ದ ರಿಪೇರಿ ಬಂತು ಅನ್ನು. ಕಂಪನಿ 70,000 ಕೈಗಿಟ್ಟು ವಿಮಾನವನ್ನೇ ಒಯ್ಯಬಹುದು, ಆ ದುಡ್ಡಿಗೆ ನಿನಗೆ ಅಂಥದ್ದು ಇನ್ನೊಂದು ಸಿಗುವುದಿಲ್ಲ. ನೀನು ಕಲಿತದ್ದು ಪೈಪರ್ ಚೆರೋಕಿ ಎಂಬ ಬೇರೆ ಮಾದರಿಯ ವಿಮಾನದಲ್ಲಿ, ಆದ್ದರಿಂದ ಇಷ್ಟು ಗಂಟೆ ಇನ್‌ಸ್ಟ್ರಕ್ಟರ್ ಜೊತೆ ಹಾರಬೇಕೆಂದು ಷರತ್ತು ಹಾಕಬಹುದು. ಅದನ್ನು ಮುಗಿಸಿದ ಸಹಿ ಇಲ್ಲದೆ ಒಬ್ಬಳೇ ಹತ್ತಬೇಡ. ಆನ್ಯುವಲ್, ಮೆಡಿಕಲ್, 24 ತಿಂಗಳ ಫ್ಲೈಟ್ ರಿವ್ಯೂ, ಇವುಗಳಲ್ಲಿ ಒಂದು ತಪ್ಪಿದ್ದರೂ ಕ್ಲೇಮಿಗೆ ತಕರಾರು ಬರುತ್ತದೆ.

ಗೆಳೆಯರಿಗೆ ವಿಮಾನ ಕೊಡುವ ವಿಷಯದಲ್ಲಿ ಗಟ್ಟಿಯಾಗಿರು. ಪಾಲಿಸಿಯಲ್ಲಿ ಹೆಸರಿಲ್ಲದ ಪೈಲಟ್ಟುಗಳಿಗೆಂದು ಇರುವ ಓಪನ್ ಪೈಲಟ್ ಷರತ್ತಿಗೆ ಹೊಂದುವವರು ಹಾರಿಸಿದರೂ ರಕ್ಷಣೆ ಇರುವುದು ಮಾಲೀಕಳಾದ ನಿನಗೆ. ಕಂಪನಿ ನಿನಗೆ ದುಡ್ಡು ಕೊಟ್ಟು ಆಮೇಲೆ ಆ ಗೆಳೆಯನಿಂದ ವಸೂಲಿಗೆ ಹೋಗಬಹುದು. ಪ್ರಯಾಣಿಕರ ಹತ್ತಿರ ಪೆಟ್ರೋಲಿನ ಪಾಲು ತೆಗೆದುಕೊಳ್ಳಬಹುದು, ಆದರೆ ನಿನ್ನ ಸಮಪಾಲನ್ನು ನೀನು ಹಾಕಲೇಬೇಕು. ಪೂರ್ತಿ ಖರ್ಚು ಅವರು ಕೊಟ್ಟರೆ ಅದು ಬಾಡಿಗೆ ಹಾರಾಟವಾಗಿ ಲೈಸೆನ್ಸಿಗೂ ವಿಮೆಗೂ ಕುತ್ತು.

ಹಾರಾಟಕ್ಕೆ ಬರೋಣ. ನಾಲ್ಕು ಸೀಟಿದೆ ಅಂದಮಾತ್ರಕ್ಕೆ ನಾಲ್ಕು ಜನರ ವಿಮಾನವಲ್ಲ. ಗರಿಷ್ಠ ತೂಕ 2,300 ಪೌಂಡ್, ಜಾಹೀರಾತಿನ ಪ್ರಕಾರ ಖಾಲಿ ತೂಕ 1,430. ಉಳಿದ 870ರಲ್ಲಿ ಬಳಸಬಹುದಾದ 40 ಗ್ಯಾಲನ್ ಪೆಟ್ರೋಲಿಗೆ, ಗ್ಯಾಲನ್ನಿಗೆ 6 ಪೌಂಡಿನಂತೆ, 240 ಹೋದರೆ 630. ನೀನು, ಅಳಿಯಂದಿರು, ಜೊತೆಗೆ ಬೆಂಗಳೂರಿನಿಂದ ಬರುವ ಅಪ್ಪ ಅಮ್ಮ ಕೂತರೆ ಬ್ಯಾಗಿಗೆ ಜಾಗವೇ ಉಳಿಯದು. ಅವರನ್ನು ಲೇಕ್ ಟಾಹೋಗೆ ಕರೆದೊಯ್ಯುವ ಆಸೆಯಿದೆಯಂತೆ. ಅಲ್ಲಿನ ಏರ್‌ಪೋರ್ಟ್ 6,269 ಅಡಿ ಎತ್ತರದಲ್ಲಿದೆ. ಜುಲೈ ಮಧ್ಯಾಹ್ನ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಡೆನ್ಸಿಟಿ ಆಲ್ಟಿಟ್ಯೂಡ್ 9,500 ಅಡಿಯ ಸಮೀಪ, ಅಂದರೆ ಅಲ್ಲಿನ ಗಾಳಿ ಅಷ್ಟು ಎತ್ತರದ ಗಾಳಿಯಷ್ಟು ತೆಳು. ರನ್‌ವೇ ಉದ್ದವಾಗಿಯೇ ಇದೆ, ತೊಂದರೆ ಇರುವುದು ಏರುವುದರಲ್ಲಿ. ಸಮುದ್ರಮಟ್ಟದಲ್ಲಿ ನಿಮಿಷಕ್ಕೆ 770 ಅಡಿ ಏರುವ ಈ ವಿಮಾನ ತುಂಬಿದ ತೂಕದಲ್ಲಿ ಅಲ್ಲಿ 300 ಚಿಲ್ಲರೆ ಏರಿದರೆ ಹೆಚ್ಚು, ಸಿಯೆರಾ ಬೆಟ್ಟದಿಂದ ಇಳಿಯುವ ಗಾಳಿ ಅದಕ್ಕಿಂತ ಜೋರಾಗಿ ಕೆಳಗೆ ತಳ್ಳಬಲ್ಲದು. ಬೆಳಿಗ್ಗೆ ಎಂಟರೊಳಗೆ ಹೊರಡು, ಇಬ್ಬರೇ ಹೋಗಿ, ಟೇಕಾಫಿಗೆ ಮುಂಚೆ ಫುಲ್ ಥ್ರಾಟಲ್ಲಿನಲ್ಲಿ ಆರ್‌ಪಿಎಂ ಗರಿಷ್ಠಕ್ಕೆ ಬರುವ ತನಕ ಮಿಕ್ಸ್ಚರ್ ಲೀನ್ ಮಾಡು, ಅಂದರೆ ಗಾಳಿಗೆ ಬೆರೆಯುವ ಪೆಟ್ರೋಲು ಕಡಿಮೆ ಮಾಡು. ಅಪ್ಪ ಅಮ್ಮ ಕಾರಿನಲ್ಲಿ ಬರಲಿ. ಮೊದಲ ಸಲ ಬೆಟ್ಟದ ಅನುಭವವಿರುವ ಇನ್‌ಸ್ಟ್ರಕ್ಟರ್ ಇಲ್ಲದೆ ಬೇಡವೇ ಬೇಡ.

ಪೆಟ್ರೋಲಿನ ಮೀಟರನ್ನು ನಂಬದೆ ಟ್ಯಾಂಕಿಗೆ ಕೋಲು ಹಾಕಿ ಅಳೆ. ಕಾನೂನು ಹಗಲಿಗೆ 30 ನಿಮಿಷದ ಮೀಸಲು ಕೇಳುತ್ತದೆ, ನೀನು ಒಂದು ಗಂಟೆ ಇಡು. ಎರಡೂ ರೆಕ್ಕೆಯಿಂದ ಮತ್ತು ಸ್ಟ್ರೇನರಿನಿಂದ ತೆಗೆದ ಪೆಟ್ರೋಲು, 100ಎಲ್‌ಎಲ್ ಆದರೆ, ನೀಲಿ ಬಣ್ಣದ್ದಿರಬೇಕು, ತಳದಲ್ಲಿ ನೀರಿನ ಗುಳ್ಳೆ ಇರಬಾರದು. ರೆಕ್ಕೆಗೆ ಆಸರೆಯಾದ ಎಡ ಸ್ಟ್ರಟ್ಟಿನ ಹಿಂದೆ ಟ್ಯಾಂಕಿಗೆ ಗಾಳಿ ಹೋಗುವ ಕೊಳವೆಯಿದೆ. ಕಣಜ ಅದರಲ್ಲಿ ಮಣ್ಣಿನ ಗೂಡು ಕಟ್ಟಿದರೆ ಟ್ಯಾಂಕಿನಿಂದ ಪೆಟ್ರೋಲು ಸರಿಯಾಗಿ ಇಳಿಯುವುದಿಲ್ಲ. 1,700 ಆರ್‌ಪಿಎಂನಲ್ಲಿ ಮ್ಯಾಗ್ನೆಟೊಗಳನ್ನು ಒಂದೊಂದಾಗಿ ನೋಡುವಾಗ ಆರ್‌ಪಿಎಂ ಕುಸಿತ 125 ಮೀರಬಾರದು, ಎರಡರ ನಡುವೆ 50ಕ್ಕಿಂತ ಹೆಚ್ಚು ವ್ಯತ್ಯಾಸ ಬೇಡ.

ಹಾರುವಾಗ ಕಾರಣವಿಲ್ಲದೆ ಆರ್‌ಪಿಎಂ ಇಳಿಯುತ್ತಾ ಹೋದರೆ ಕಾರ್ಬೊರೇಟರಿನಲ್ಲಿ ಮಂಜುಗಡ್ಡೆ ಎಂದು ತಿಳಿ. ಹೊರಗೆ 15 ಡಿಗ್ರಿ ಇದ್ದು ತೇವವಿದ್ದರೂ ಸಾಕು, ಕಟ್ಟುತ್ತದೆ. ಕಾರ್ಬೊರೇಟರಿಗೆ ಬಿಸಿಗಾಳಿ ಕೊಡುವ ಕಾರ್ಬ್ ಹೀಟ್ ಗುಂಡಿಯನ್ನು ಪೂರ್ತಿ ಎಳೆ. ಕರಗಿದ ನೀರು ಇಂಜಿನ್ನಿಗೆ ಹೋಗಿ ಒಂದಿಷ್ಟು ಹೊತ್ತು ಇನ್ನೂ ಗಡಗಡ ಎನ್ನುತ್ತದೆ, ಹೆದರಿ ವಾಪಸ್ ತಳ್ಳಬೇಡ. ಇಂಜಿನ್ ನಿಂತೇ ಹೋದರೆ 65 ನಾಟ್ ವೇಗದಲ್ಲಿ ತೇಲಿಸು. ಟೇಕಾಫ್ ಆದ ಕೂಡಲೆ ನಿಂತರೆ ರನ್‌ವೇಗೆ ತಿರುಗುವ ಆಸೆ ಬಿಟ್ಟು ಮೂಗಿನೆದುರು ಸಿಕ್ಕ ಬಯಲಿಗೆ ಇಳಿಸು. ಈ ಮಾದರಿಯಲ್ಲಿ ರೆಕ್ಕೆಯ ಹಿಂದಂಚಿನ ಫ್ಲ್ಯಾಪ್ 40 ಡಿಗ್ರಿ ತನಕ ಇಳಿಯುತ್ತದೆ. ಆ ಸ್ಥಿತಿಯಲ್ಲಿ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಲು, ಅಂದರೆ ಗೋ-ಅರೌಂಡ್ ಮಾಡಲು, ಹೋದರೆ ಏರುವುದೇ ಕಷ್ಟ, ಥ್ರಾಟಲ್ ಕೊಟ್ಟ ತಕ್ಷಣ 20ಕ್ಕೆ ಎತ್ತು.

ಬೇಸಿಗೆಯ ಸಂಜೆ ಕಡಲ ಮೋಡ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯೊಳಗೆ ನುಗ್ಗುತ್ತದೆ. ತಾಪಮಾನಕ್ಕೂ ಡ್ಯೂ ಪಾಯಿಂಟಿಗೂ (ಗಾಳಿಯ ತೇವ ಮಂಜಾಗುವ ತಾಪಮಾನ) ಎರಡು ಮೂರು ಡಿಗ್ರಿ ಅಂತರ ಮಾತ್ರ ಉಳಿಯಿತೆಂದರೆ ಒಳನಾಡಿನ ಲಿವರ್‌ಮೋರಿನಲ್ಲೋ ಟ್ರೇಸಿಯಲ್ಲೋ ಇಳಿದು ಟ್ಯಾಕ್ಸಿ ಹಿಡಿ. ಊರಿಂದ ಬಂದವರಿಗೆ ಇಷ್ಟು ಗಂಟೆಗೆ ಮನೆಯಲ್ಲಿರುತ್ತೇವೆಂದು ಮಾತು ಕೊಡಬೇಡ. ಸೋಮವಾರದ ಮೀಟಿಂಗಿಗೆಂದು ಭಾನುವಾರ ಮೋಡದೊಳಗೆ ನುಗ್ಗಿದವರ ಅಪಘಾತ ವರದಿಗಳು ತನಿಖಾ ಸಂಸ್ಥೆ ಎನ್‌ಟಿಎಸ್‌ಬಿಯ ಕಡತದಲ್ಲಿ ಬೇಕಾದಷ್ಟಿವೆ, ಬಿಡುವಾದಾಗ ಓದು.

ಕಾಗದಪತ್ರದ ಮಾತು ಉಳಿಯಿತು. ಅಮೆರಿಕದಲ್ಲಿ ವಿಮಾನ ನೋಂದಾಯಿಸಲು ಪೌರತ್ವ ಇಲ್ಲವೇ ಗ್ರೀನ್ ಕಾರ್ಡ್ ಬೇಕು. ನಿನಗೆ ಬಂದಿದೆ, ಅಳಿಯಂದಿರು ಇನ್ನೂ ಎಚ್-1ಬಿಯಲ್ಲಿದ್ದಾರೆ. ಪ್ರೀತಿಗೆಂದು ಜಂಟಿ ಹೆಸರು ಹಾಕಿಸಿದರೆ ನೋಂದಣಿ ಆಗುವುದಿಲ್ಲ, ಸದ್ಯ ನಿನ್ನ ಹೆಸರೊಂದೇ ಇರಲಿ. ದುಡ್ಡು ಕೊಡುವ ಮುಂಚೆ ಒಕ್ಲಹೋಮ ಸಿಟಿಯಲ್ಲಿರುವ ಎಫ್‌ಎಎ ರಿಜಿಸ್ಟ್ರಿಯಲ್ಲಿ ಟೈಟಲ್ (ಒಡೆತನದ ದಾಖಲೆ) ಹುಡುಕಿಸಿ ಹಳೆಯ ಸಾಲದ ಹಕ್ಕು ಯಾವುದೂ ಉಳಿದಿಲ್ಲವೆಂದು ಖಚಿತಮಾಡಿಕೋ, ದೊಡ್ಡ ರಿಪೇರಿಗಳ 337 ಫಾರ್ಮುಗಳಿರುವ ಕಡತವನ್ನೂ ತರಿಸು. ಆ ಕಡತವನ್ನೂ ಲಾಗ್‌ಬುಕ್ಕಿನ ಸ್ಕ್ಯಾನನ್ನೂ ನನಗೆ ಕಳಿಸಿದರೆ ಎ.ಡಿ. ಪಟ್ಟಿಯನ್ನು ಒಂದೊಂದಾಗಿ ಟಿಕ್ ಹಾಕಿ ವಾಪಸ್ ಕಳಿಸುತ್ತೇನೆ. ಅಲ್ಲಿಯವರೆಗೆ ಮುಂಗಡ ಕೊಡಬೇಡ.

ಇತಿ ನಿನ್ನ ದೊಡ್ಡಪ್ಪ