ಹೃದಯದ ಫೈಲಿನಲ್ಲಿ ಹಲ್ಲಿಗೂ ಒಂದು ಹಾಳೆ ಇರಲಿ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಹೃದಯದ ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆ ಡಾಕ್ಟರು ನನ್ನ ಮಗಳ ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದರು. ಕೆಳಗಿನ ದವಡೆ ಹಲ್ಲು ಹುಳುಕಾಗಿ, ಅದರ ಬುಡದಲ್ಲಿ ಸಣ್ಣ ಕೀವಿನ ಗುಳ್ಳೆ ಎದ್ದಿತ್ತು. ಆಪರೇಷನ್ ಮುಂದೂಡಿದರು. ಅವಳಿಗೆ ಆಗ ಮೂರು ವರ್ಷ. ಅಷ್ಟರಲ್ಲಿ ಹೃದಯದ ಡಾಕ್ಟರ ಹತ್ತಿರ ಎಷ್ಟು ಸಲ ಹೋಗಿದ್ದೆವೋ ಲೆಕ್ಕವಿಲ್ಲ. ಎಕೋ, ಇಸಿಜಿ, ರಕ್ತ, ತೂಕ, ಎಲ್ಲದಕ್ಕೂ ಫೈಲಿನಲ್ಲಿ ಹಾಳೆ ಇತ್ತು. ಬಾಯಿಯ ಬಗ್ಗೆ ಒಂದು ಸಾಲೂ ಇರಲಿಲ್ಲ.

ಹಲ್ಲಿಗೂ ಹೃದಯಕ್ಕೂ ಏನು ಸಂಬಂಧ ಅಂತ ಆವತ್ತು ನಾನೂ ಕೇಳಿದೆ. ನಮ್ಮೆಲ್ಲರ ಬಾಯಲ್ಲೂ ಬ್ಯಾಕ್ಟೀರಿಯಾ ಇರುತ್ತವೆ. ಒಸಡು ಕೆಟ್ಟಿದ್ದರೆ ಅವು ಸುಲಭವಾಗಿ ರಕ್ತಕ್ಕೆ ಇಳಿಯುತ್ತವೆ. ಗಟ್ಟಿ ಹೃದಯದಲ್ಲಿ ನಿಲ್ಲಲು ಅವಕ್ಕೆ ಜಾಗ ಸಿಗುವುದು ಕಷ್ಟ. ಆದರೆ ರಕ್ತ ಅಡ್ಡಾದಿಡ್ಡಿ ನುಗ್ಗಿ ಒಳಪದರ ತರಚಿಹೋದ ಹೃದಯದಲ್ಲಿ, ಅಥವಾ ಆಪರೇಷನ್ನಿನಲ್ಲಿ ತೇಪೆ ಹಾಕಿದ ಹೃದಯದಲ್ಲಿ, ಅವು ಅಂಟಿಕೊಂಡು ಬೆಳೆಯುತ್ತವೆ. ಇದಕ್ಕೆ ಎಂಡೋಕಾರ್ಡೈಟಿಸ್ ಅನ್ನುತ್ತಾರೆ. ಅಪರೂಪದ ಕಾಯಿಲೆ, ನಿಜ. ಬಂದರೆ ಮಾತ್ರ ವಾರಗಟ್ಟಲೆ ರಕ್ತನಾಳಕ್ಕೆ ಔಷಧಿ ಕೊಡಬೇಕು, ಮಗುವಿನ ಜೀವವೇ ಹೋಗಬಹುದು. ಹುಟ್ಟುವ ನೂರು ಮಕ್ಕಳಲ್ಲಿ ಹೆಚ್ಚುಕಡಿಮೆ ಒಂದಕ್ಕೆ ಹೃದಯದ ತೊಂದರೆ ಇರುತ್ತದೆ. ಇದು ಎಲ್ಲೋ ಒಂದೆರಡು ಮನೆಯ ಮಾತಲ್ಲ.

ನಮ್ಮ ಮನೆಯಲ್ಲಿ ಹಲ್ಲು ಹಾಳಾಗಿದ್ದು ಅಸಡ್ಡೆಯಿಂದಲ್ಲ, ಹೆದರಿಕೆಯಿಂದ. ಅವಳಿಗಿದ್ದದ್ದು ಟೆಟ್ರಾಲಜಿ ಆಫ್ ಫ್ಯಾಲೋ, ಅಂದರೆ ರಕ್ತಕ್ಕೆ ಆಮ್ಲಜನಕ ಸಾಲದಂತೆ ಮಾಡುವ, ಹುಟ್ಟಿನಿಂದಲೇ ಇರುವ ಹೃದಯದ ತೊಂದರೆ. ಜೋರಾಗಿ ಅತ್ತರೆ ತುಟಿ, ಉಗುರು ನೀಲಿಯಾಗುತ್ತಿದ್ದವು. ಬ್ರಷ್ ಬಾಯಿಗೆ ಇಟ್ಟ ಕೂಡಲೇ ಅಳು ಶುರು. ನಾನು ಬ್ರಷ್ ಕೆಳಗಿಟ್ಟು ಅವಳನ್ನು ಎದೆಗೆ ಅವಚಿಕೊಳ್ಳುತ್ತಿದ್ದೆ. ನಾಳೆ ಉಜ್ಜಿದರಾಯಿತು ಅಂದುಕೊಳ್ಳುತ್ತಿದ್ದೆ. ತೂಕ ಏರಲೆಂದು ರಾತ್ರಿ ಎಬ್ಬಿಸಿ ಹಾಲು ಕುಡಿಸುತ್ತಿದ್ದೆ. ಮಲಗುವ ಮುಂಚೆ ಸಕ್ಕರೆ ಪಾಕದಂಥ ಸಿರಪ್. ಅದರ ಮೇಲೆ ಎರಡು ಗುಟುಕು ನೀರು ಕುಡಿಸಿ ಅಂತ ಯಾರಾದರೂ ಹೇಳಿದ್ದರೆ ಅಷ್ಟನ್ನಾದರೂ ಮಾಡುತ್ತಿದ್ದೆ. ನೀಲಿಗಟ್ಟುವ ಮಕ್ಕಳಲ್ಲಿ ಕೆಲವರಿಗೆ ಹಲ್ಲಿನ ಗಟ್ಟಿ ಹೊರಪದರ, ಎನಾಮಲ್ಲೇ ತೆಳ್ಳಗಿರುತ್ತದೆ ಅಂತ ಆಮೇಲೆ ತಿಳಿಯಿತು.

ಹಲ್ಲು ಕೀಳಿಸಲು ಹೋದಾಗ ಇನ್ನೊಂದು ಕಷ್ಟ. ಹೃದಯದ ಮಗು ಅಂದ ತಕ್ಷಣ ಎರಡು ಕಡೆ ದಂತವೈದ್ಯರು ಕೈಯೇ ಹಚ್ಚಲಿಲ್ಲ. ಹೃದಯದ ಡಾಕ್ಟರ ಚೀಟಿ ತನ್ನಿ ಅಂದರು. ಅಲ್ಲಿಗೆ ಹೋದರೆ, ಹಲ್ಲಿನ ವಿಷಯ ಹಲ್ಲಿನವರೇ ನೋಡಲಿ ಅಂದರು. ಇಬ್ಬರನ್ನೂ ನಾನು ದೂರುವುದಿಲ್ಲ. ಅವರಿಬ್ಬರೂ ಕೂತು ಮಾತಾಡುವ ಜಾಗವನ್ನೇ ನಾವು ಮಾಡಿಕೊಟ್ಟಿಲ್ಲ, ಅಲ್ವಾ?

ಎಂಡೋಕಾರ್ಡೈಟಿಸ್ ಬರದಿರಲೆಂದು ಹಲ್ಲಿನ ಚಿಕಿತ್ಸೆಗೆ ಮುಂಚೆ ಆಂಟಿಬಯಾಟಿಕ್ ಯಾರಿಗೆ ಬೇಕು ಅನ್ನುವುದು ಒಗಟೇನಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2007ರಲ್ಲೇ ಅದನ್ನು ತುಂಬಾ ಅಪಾಯವಿರುವವರಿಗೆ ಮಾತ್ರ ಸೀಮಿತ ಮಾಡಿತು, 2021ರಲ್ಲಿ ಮತ್ತೆ ಅದನ್ನೇ ಹೇಳಿತು. ಮೈ ನೀಲಿಗಟ್ಟಿಸುವ, ಇನ್ನೂ ಸರಿಪಡಿಸದ ಹೃದಯದ ತೊಂದರೆ, ಕೃತಕ ಕವಾಟ, ಹಿಂದೆ ಈ ಸೋಂಕು ಬಂದಿದ್ದವರು, ತೇಪೆ ಹಾಕಿದ ಮೊದಲ ಆರು ತಿಂಗಳು, ಹೀಗೆ. ಒಂದು ಡೋಸಿಗಿಂತ ದಿನದಿನದ ಬಾಯಿಯ ಸ್ವಚ್ಛತೆಯೇ ಮುಖ್ಯ ಅಂತಲೂ ಅದರಲ್ಲಿದೆ. ಮಗಳ ಮೊದಲ ಹಾಲು ಹಲ್ಲು ಅಲ್ಲಾಡಿದಾಗ ನಾನು ಗಾಬರಿಯಾಗಿ ಆಸ್ಪತ್ರೆಗೆ ಫೋನ್ ಮಾಡಿದ್ದೆ. ತಾನಾಗಿ ಬೀಳುವ ಹಾಲು ಹಲ್ಲಿಗೆ ಔಷಧಿ ಬೇಡ ಅನ್ನುವುದೂ ಅದೇ ಸಲಹೆಯಲ್ಲಿದೆ. ನನಗೆ ಯಾರೂ ಹೇಳಿರಲಿಲ್ಲ ಅಷ್ಟೇ.

ನಾನು ಕೇಳುವುದು ಹೊಸ ಕಟ್ಟಡ ಅಲ್ಲ. ಮಕ್ಕಳ ಹೃದಯ ವಿಭಾಗದಲ್ಲಿ ವಾರಕ್ಕೊಂದು ದಿನವಾದರೂ ಒಬ್ಬ ದಂತವೈದ್ಯರು ಕೂರಲಿ. ಹೃದಯದ ತೊಂದರೆ ಗೊತ್ತಾದ ಮಗುವಿಗೆ ಮೊದಲ ಹುಟ್ಟುಹಬ್ಬದೊಳಗೆ ಹಲ್ಲಿನ ತಪಾಸಣೆ ಆಗಲಿ. ಆಪರೇಷನ್ ದಿನಾಂಕ ಕೊಡುವ ಮುಂಚೆಯೇ ಬಾಯಿ ನೋಡಲಿ, ಹಿಂದಿನ ದಿನವಲ್ಲ. ಸಕ್ಕರೆ ಇಲ್ಲದ ಸಿರಪ್ ಸಿಗುವಾಗ ಅದನ್ನೇ ತರಿಸಿ. ಮೊದಲ ಹಲ್ಲು ಬಂದಾಗಿನಿಂದ ಅಕ್ಕಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಚ್ಚಿ ಉಜ್ಜುವುದು ಹೇಗೆ ಅಂತ ಒಬ್ಬ ನರ್ಸ್ ತಾಯಂದಿರಿಗೆ ಮಾಡಿ ತೋರಿಸಲಿ. ಮಗು ಅತ್ತು ನೀಲಿಯಾದರೆ ಏನು ಮಾಡಬೇಕು ಅನ್ನುವುದನ್ನೂ ಸೇರಿಸಿ. ನನಗೆ ಬೇಕಿದ್ದದ್ದು ಅದೇ ಆಗಿತ್ತು.

ಮತ್ತೆ ಆ ಫೈಲು. ಅದರಲ್ಲಿ ಹಲ್ಲಿಗೊಂದು ಹಾಳೆ ಹಾಕಿಸಿ. ಈ ಮಗುವಿಗೆ ಆಂಟಿಬಯಾಟಿಕ್ ಬೇಕೋ ಬೇಡವೋ, ರಕ್ತ ತೆಳುವಾಗಿಸುವ ಮಾತ್ರೆ ಇದೆಯೋ ಇಲ್ಲವೋ ಅಂತ ಹೃದಯದ ಡಾಕ್ಟರು ಎರಡು ಸಾಲು ಬರೆದಿಟ್ಟರೆ, ಯಾವ ದಂತವೈದ್ಯರೂ ಹೆದರಿ ವಾಪಸ್ ಕಳಿಸಬೇಕಾಗಿಲ್ಲ. ಆ ಹಾಳೆಯಲ್ಲಿ ಏನೇನು ಇರಬೇಕು ಅಂತ ಮಾತಾಡಲು ನೀವು ಯಾವತ್ತು ಕರೆದರೂ, ಮಗಳ ಫೈಲು ಹಿಡಿದುಕೊಂಡೇ ಬರುತ್ತೇನೆ.

ಇಂತಿ,
ಒಬ್ಬ ತಾಯಿ