ಸುಹಾಸನಿಗೆ, ಚುನಾವಣೆಗೆ ನಿಲ್ಲುವ ಮೊದಲು

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಮೇಲ್ ಓದಿದೆ. ವಿಕ್ಟರಿ ಇನ್‌ಸ್ಟಿಟ್ಯೂಟ್‌ನವರ ಟ್ರೈನಿಂಗ್‌ಗೆ ಸೀಟು ಸಿಕ್ಕಿದ್ದು ತುಂಬಾ ಸಂತೋಷ. ಖಂಡಿತ ಹೋಗು. ನಿನ್ನಂಥ ಗೇ ಹುಡುಗರು, ಲೆಸ್ಬಿಯನ್, ಟ್ರಾನ್ಸ್ ಜನ ತಾವು ಯಾರು ಅನ್ನೋದನ್ನ ಮುಚ್ಚಿಡದೆ ಚುನಾವಣೆಗೆ ನಿಂತು ಗೆಲ್ಲಬೇಕು ಅಂತಲೇ ಇರುವ ಸಂಸ್ಥೆ ಅದು. ಆದರೆ ಟ್ರೈನಿಂಗ್ ಮುಗಿಸಿ ನೇರ ಟೆಕ್ಸಾಸ್ ಹೌಸ್‌ಗೇ, ಅಂದರೆ ರಾಜ್ಯದ ವಿಧಾನಸಭೆಗೇ ನಿಲ್ತೀನಿ ಅಂತ ಕೊನೆಗೆ ಬರೆದಿದ್ದೀಯಲ್ಲ, ಅದು ನನಗೆ ಸರಿ ಕಾಣಲಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ಬಾಯಿ ಹಾಕ್ತೀಯ, ಅದಕ್ಕೇ ಈ ಪತ್ರ.

ನಿಮ್ಮ ಹ್ಯೂಸ್ಟನ್ನಿನದೇ ಕಥೆ ನೋಡು. 2009ರಲ್ಲಿ ಆನಿಸ್ ಪಾರ್ಕರ್ ಮೇಯರ್ ಚುನಾವಣೆ ಗೆದ್ದಾಗ, ಅಷ್ಟು ದೊಡ್ಡ ಊರಿಗೆ ಲೆಸ್ಬಿಯನ್ ಮೇಯರ್ ಅಂತ ಇಲ್ಲಿಯ ಪೇಪರಿನಲ್ಲೂ ಬಂದಿತ್ತು. ಆದರೆ ಆಕೆ ಮೊದಲು ಊರಿನ ಕೌನ್ಸಿಲ್‌ಗೆ ನಿಂತು ಸೋತವರು. 1997ರಲ್ಲಿ ಕೌನ್ಸಿಲ್ ಗೆದ್ದರು, ಆಮೇಲೆ ಕಂಟ್ರೋಲರ್ ಆಗಿ ಊರಿನ ದುಡ್ಡಿನ ಲೆಕ್ಕ ನೋಡಿದರು, ಮೇಯರ್ ಆಗಿದ್ದು ಅದಾದ ಮೇಲೆ. ಮುಂದೆ ನೀನು ಹೋಗ್ತಿರುವ ಈ ವಿಕ್ಟರಿಯನ್ನೂ ಅವರೇ ನಡೆಸಿದರು. ವಿಸ್ಕಾನ್ಸಿನ್‌ನ ಟ್ಯಾಮಿ ಬಾಲ್ಡ್‌ವಿನ್ ಕೂಡ ಲೆಸ್ಬಿಯನ್, 1986ರಲ್ಲಿ ಕೌಂಟಿ ಬೋರ್ಡಿನಿಂದ (ನಮ್ಮ ಜಿಲ್ಲಾ ಪಂಚಾಯ್ತಿ ಥರ) ಶುರು ಮಾಡಿದ್ದು, ಅಮೆರಿಕದ ಸೆನೆಟ್ ಗೆದ್ದಿದ್ದು 2012ರಲ್ಲಿ.

ನೀನು ಮಾತೆತ್ತಿದರೆ ಹೇಳುವ ಗೇ ನಾಯಕ ಹಾರ್ವೆ ಮಿಲ್ಕ್ ವಿಷಯಕ್ಕೇ ಬರೋಣ. ಸ್ಯಾನ್ ಫ್ರಾನ್ಸಿಸ್ಕೊ ಊರಿನ ಬೋರ್ಡಿಗೆ ನಿಂತು 1973ರಲ್ಲಿ ಸೋತರು, 1975ರಲ್ಲಿ ಸೋತರು, 1976ರಲ್ಲಿ ರಾಜ್ಯದ ಅಸೆಂಬ್ಲಿಗೆ ನಿಂತೂ ಸೋತರು. ಮೊದಲ ಎರಡು ಸಲ ಇಡೀ ಊರು ವೋಟು ಹಾಕಬೇಕಿತ್ತು. 1977ರಲ್ಲಿ ವಾರ್ಡ್ ಪ್ರಕಾರ ಚುನಾವಣೆ ಬಂತು, ತಮ್ಮ ಕ್ಯಾಮೆರಾ ಅಂಗಡಿಯಿದ್ದ ಕ್ಯಾಸ್ಟ್ರೊ ಕಡೆಯ ವಾರ್ಡಿನಿಂದ ನಿಂತರು, ಗೆದ್ದರು. ಮನುಷ್ಯ ಅವರೇ, ಬದಲಾಗಿದ್ದು ವಾರ್ಡಿನ ಗಡಿ. ಯಾವ ಸೀಟಿಗೆ ನಿಲ್ತೀಯ ಅನ್ನೋದರಲ್ಲೇ ಅರ್ಧ ಚುನಾವಣೆ ಮುಗಿದಿರುತ್ತೆ ಕಣೋ.

ಅದಕ್ಕೇ ನಾನು ಹೇಳೋದು, ಮೊದಲು ನಿಮ್ಮ ಏರಿಯಾದ ಸ್ಕೂಲ್ ಬೋರ್ಡಿಗೆ ನಿಲ್ಲು. ಸಂಬಳ ಇಲ್ಲ, ಗೊತ್ತು. ರಾತ್ರಿಯವರೆಗೂ ಮೀಟಿಂಗ್ ಅಂತ ಮೂಗು ಮುರೀಬೇಡ. ಲೈಬ್ರರಿಯಲ್ಲಿ ಯಾವ ಪುಸ್ತಕ ಇರಬೇಕು, ಯಾವುದು ತೆಗೀಬೇಕು ಅನ್ನೋ ಜಗಳವೆಲ್ಲ ನಡೀತಿರೋದು ಅಲ್ಲೇ ತಾನೇ? ನಿನ್ನಂಥ ಹದಿನಾರು ವರ್ಷದ ಹುಡುಗ ಇವತ್ತು ಆ ಶಾಲೆಯಲ್ಲೇ ಕೂತಿದ್ದಾನೆ. ಲೋಕಲ್ ಚುನಾವಣೆಗೆ ವೋಟು ಹಾಕಲು ಬರುವವರೂ ಕಡಿಮೆ, ಮನೆ ಮನೆಗೆ ಹೋಗಿ ಮುಟ್ಟಬಹುದಾದಷ್ಟೇ ಜನ.

ನಾನು 1993ರಲ್ಲಿ ಪಂಚಾಯ್ತಿಗೆ ನಿಂತಾಗ ನಮ್ಮಲ್ಲಿ ಸುಮಾರು ನಾನ್ನೂರು ಜನಕ್ಕೆ ಒಬ್ಬ ಸದಸ್ಯ. ಮಹಿಳಾ ಮೀಸಲು ಸೀಟು. ರುಜು ಯಾರು ಹಾಕ್ತಾರಮ್ಮ, ನೀವಾ ನಿಮ್ಮ ಯಜಮಾನ್ರಾ ಅಂತ ಜಗಲಿ ಮೇಲೆ ಕೂತವರು ನಗುತ್ತಾ ಕೇಳೋರು. ನಾನೇ ಹಾಕ್ತೀನಿ, ನಿಮ್ಮ ಬೀದಿ ಬೋರ್‌ವೆಲ್ ಕೈಪಂಪು ಕೆಟ್ಟು ಎಷ್ಟು ದಿನ ಆಯ್ತು ಹೇಳಿ ಅಂತಿದ್ದೆ. ರಾತ್ರಿ ಅಡುಗೆಮನೆಯಲ್ಲಿ ವೋಟರ್ ಲಿಸ್ಟ್ ಹರಡಿಕೊಂಡು ನಾನೂ ನಿನ್ನಮ್ಮನೂ ಪೆನ್ಸಿಲ್‌ನಲ್ಲಿ ಗುರುತು ಹಾಕೋದು. ಖಂಡಿತ ಹಾಕುವವರಿಗೆ ಟಿಕ್, ಅನುಮಾನದವರಿಗೆ ಚುಕ್ಕೆ, ಬೆಂಗಳೂರಿಗೆ ಹೋದವರಿಗೆ ಅಡ್ಡಗೆರೆ. ಚುಕ್ಕೆ ಇದ್ದ ಮನೆಗೆ ಮರುದಿನ ಮತ್ತೆ ಹೋಗೋದು. ನಿನ್ನ ಟ್ರೈನಿಂಗ್‌ನಲ್ಲೂ ಇದನ್ನೇ ಕಂಪ್ಯೂಟರಿನಲ್ಲಿ ಹೇಳಿಕೊಡ್ತಾರೆ, ಗೆಲ್ಲಲು ಎಷ್ಟು ವೋಟು ಬೇಕು, ಅವು ಯಾವ ಬೀದಿಯಲ್ಲಿವೆ ಅಂತ. ಆ ಕ್ಲಾಸು ತಪ್ಪಿಸಬೇಡ. ಭಾಷಣ ನಿನಗೆ ಬರುತ್ತೆ.

ದುಡ್ಡು ಕೇಳೋದನ್ನೂ ಕಲಿಸ್ತಾರೆ. ನಮ್ಮ ಮನೆಯವರಿಗೆಲ್ಲ ಆಗದ ಕೆಲಸ ಅದು. ಫೋನ್ ಮಾಡಿ, ಇಷ್ಟು ಡಾಲರ್ ಕೊಡಿ ಅಂತ ಮೊತ್ತ ಹೇಳಿ, ಆಮೇಲೆ ಬಾಯಿ ಮುಚ್ಚಿಕೊಂಡು ಕಾಯಬೇಕಂತೆ. ಸುಮ್ನಿರು, ಅವರೇ ಮಾತಾಡಲಿ. ಕನ್ನಡ ಕೂಟದವರನ್ನೂ ಕೇಳು, ಅವರು ಏನಂದ್ಕೋತಾರೋ ಅಂತ ನೀನೇ ಮೊದಲು ತೀರ್ಪು ಕೊಡಬೇಡ. ಒಂದೇ ಎಚ್ಚರ. ಎಚ್‌1ಬಿ ಕೆಲಸದ ವೀಸಾದಲ್ಲಿ ಇರುವವರ ಹತ್ತಿರ ಒಂದು ಡಾಲರೂ ತಗೋಬೇಡ, ಕಾನೂನು ಒಪ್ಪಲ್ಲ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು, ವೋಟು ಮಾತ್ರ ಇಲ್ಲ. ಎಚ್‌1ಬಿಯವರು ದುಡ್ಡು ತಗೊಳ್ಳದೆ ಬಾಗಿಲು ತಟ್ಟೋಕೆ ಬರಬಹುದು, ಕರ್ಕೊಂಡು ಹೋಗು. ನಾನೂ ಇಲ್ಲಿಂದ ಕಳಿಸೋ ಹಾಗಿಲ್ಲ, ಅದಕ್ಕೇ ಬರೀ ಬುದ್ಧಿಮಾತು.

ಫಾರ್ಮ್ ತುಂಬೋ ಮೊದಲು ನಿಯಮಗಳನ್ನೆಲ್ಲ ಎರಡು ಸಲ ಓದು. ಮಧ್ಯಪ್ರದೇಶದ ಕಟನಿಯಲ್ಲಿ ಹಿಜ್ರಾ ಸಮುದಾಯದ ಕಮಲಾ ಜಾನ್ ಮೇಯರ್ ಆಗಿ ಗೆದ್ದ ಮೇಲೂ, ಇದು ಮಹಿಳಾ ಮೀಸಲು ಸೀಟು, ನೀವು ಹೆಣ್ಣಲ್ಲ ಅಂತ ಕೋರ್ಟು ಆ ಆಯ್ಕೆಯನ್ನೇ ರದ್ದು ಮಾಡಿತು. ಜನ ಕೊಟ್ಟಿದ್ದನ್ನ ಕಾಗದ ಕಿತ್ಕೊಳ್ತು. 2015ರಲ್ಲಿ ಛತ್ತೀಸ್‌ಗಢದ ರಾಯಗಢದಲ್ಲಿ ಅದೇ ಸಮುದಾಯದ ಮಧು ಕಿನ್ನರ್ ಪಕ್ಷೇತರರಾಗಿ ನಿಂತು ಮೇಯರ್ ಆಗುವ ಹೊತ್ತಿಗೆ, ಟ್ರಾನ್ಸ್ ಜನರ ಗುರುತನ್ನ ಕಾನೂನು ಒಪ್ಪಬೇಕು ಅಂತ ಸುಪ್ರೀಂ ಕೋರ್ಟು 2014ರಲ್ಲೇ ತೀರ್ಪು ಕೊಟ್ಟಾಗಿತ್ತು.

ಇನ್ನೊಂದು, ಟ್ರೈನಿಂಗ್ ಮಾಡಿದ್ದಕ್ಕೇ ಬೆಂಬಲ ಸಿಕ್ತು ಅಂದ್ಕೋಬೇಡ. ಬೆಂಬಲ ಕೊಡೋದು ವಿಕ್ಟರಿ ಫಂಡ್, ಅದು ಬೇರೆ. ಗೆಲ್ಲುವ ದಾರಿ ಇದೆಯಾ ಅಂತ ಅವರು ಲೆಕ್ಕ ಕೇಳ್ತಾರೆ.

ಮೈಕಲ್ ವಿಷಯ. ಬಾಗಿಲಲ್ಲಿ ಯಾರಾದರೂ ಕೇಳಿದರೆ ಹೌದು, ನನ್ನ ಗಂಡ ಅಂತ ಒಂದೇ ಮಾತಲ್ಲಿ ಹೇಳಿ, ಶಾಲೆ ಬಸ್ಸಿನ ವಿಷಯಕ್ಕೆ ಬಾ. 2017ರಲ್ಲಿ ವರ್ಜೀನಿಯಾದ ವಿಧಾನಸಭೆಗೆ ಟ್ರಾನ್ಸ್ ಮಹಿಳೆ ಡ್ಯಾನಿಕಾ ರೋಮ್ ಗೆದ್ದಿದ್ದು ಅಲ್ಲಿಯ ರೂಟ್ 28 ರಸ್ತೆಯ ಟ್ರಾಫಿಕ್ ಬಗ್ಗೆ ಬಿಡದೆ ಮಾತಾಡಿ. ಎದುರಿಗಿದ್ದ ಹಳೇ ಹುಲಿ ಬಾಬ್ ಮಾರ್ಷಲ್ ಆಕೆಯ ಟ್ರಾನ್ಸ್ ವಿಷಯವನ್ನೇ ಎಳೀತಿದ್ದರು. ಆಕೆ ಅದನ್ನ ಮುಚ್ಚಿಡಲೂ ಇಲ್ಲ, ಅಲ್ಲೇ ನಿಲ್ಲಲೂ ಇಲ್ಲ.

ನಿನ್ನ ಬಗ್ಗೆ ಎದುರಾಳಿ ಏನೇನು ಹುಡುಕಬಹುದೋ ನೀನೇ ಮೊದಲು ಹುಡುಕಿ ಬರೆದಿಟ್ಟುಕೊ. ಹಳೇ ಪೋಸ್ಟು, ಕುಡಿದ ಫೋಟೋ, ಕಟ್ಟದ ದಂಡ, ಎಲ್ಲ. ಅದನ್ನ ಅಮ್ಮನಿಗೂ ಓದಿ ಹೇಳು. ನಿನ್ನ ಮದುವೆ ಅವಳಿಗೆ ಸಂಕಟ ಅಲ್ಲವೇ ಅಲ್ಲ, ಅದು ಮುಗಿದ ಮಾತು. ಆದರೆ ಕೆಟ್ಟ ಕರಪತ್ರ ವಾಟ್ಸಾಪಿನಲ್ಲಿ ಹಾಸನಕ್ಕೆ ಬರೋಕೆ ಹತ್ತು ನಿಮಿಷ ಸಾಕು, ಅವಳು ಅದನ್ನ ಪಕ್ಕದ ಮನೆಯವರ ಫೋನಿನಲ್ಲಿ ಮೊದಲು ನೋಡಬಾರದು.

ಟ್ರೈನಿಂಗ್‌ಗೆ ಹೋಗುವ ಮೊದಲು ನಿಮ್ಮ ಸ್ಕೂಲ್ ಬೋರ್ಡಿನ ಕಳೆದ ಚುನಾವಣೆಯ ಫಲಿತಾಂಶ ತೆಗೆದು ನನಗೂ ಕಳಿಸು. ಗೆದ್ದವರಿಗೆ ಎಷ್ಟು, ಸೋತವರಿಗೆ ಎಷ್ಟು, ಯಾವ ಬೂತಿನಲ್ಲಿ. ಭಾನುವಾರ ಇಬ್ಬರೂ ಕೂತು ನೋಡೋಣ.

ಇಂತಿ,
ನಿನ್ನ ದೊಡ್ಡಮ್ಮ