ತಲೆಸುತ್ತಿಗೆ ಮಾತ್ರೆ ಬರೆಯುವ ಮುನ್ನ ಪರೀಕ್ಷೆ ಆಗಲಿ

ಮಾನ್ಯರೇ,

ನಾನು ಮೂಡಿಗೆರೆ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಿವೃತ್ತ ಶಾಲಾ ಶಿಕ್ಷಕಿ. ತಲೆಸುತ್ತಿನೊಂದಿಗೆ ಬದುಕುತ್ತಿರುವ ನನಗೆ ಇದು ನಾಲ್ಕನೆಯ ವರ್ಷ. ಅದರಲ್ಲಿ ಮೊದಲ ಹದಿನಾಲ್ಕು ತಿಂಗಳು ಕಾಯಿಲೆ ಯಾವುದೆಂದೇ ತಿಳಿಯದೆ ಕಳೆದುಹೋದವು.

ಒಂದು ಬೆಳಗಿನ ಜಾವ ಹಾಸಿಗೆಯಲ್ಲಿ ಬಲಮಗ್ಗುಲಿಗೆ ಹೊರಳಿದಾಗ ಮಾಡಿನ ಜಂತಿಗಳೆಲ್ಲ ಗಿರಗಿರನೆ ತಿರುಗಿದವು. ಸುತ್ತು ಅರ್ಧ ನಿಮಿಷದಲ್ಲಿ ನಿಂತಿತಾದರೂ ವಾಕರಿಕೆ ಮಧ್ಯಾಹ್ನದವರೆಗೂ ಬಿಡಲಿಲ್ಲ. ಮನೆಯಲ್ಲಿ ಪಿತ್ತವೆಂದು ಜೀರಿಗೆ ಕಷಾಯ ಕೊಟ್ಟರು. ವೈದ್ಯರೊಬ್ಬರು ಬಿಪಿ ಕಡಿಮೆಯಾಗಿದೆ ಎಂದರು. ಇನ್ನೊಬ್ಬರು ಎಕ್ಸ್‌ರೇ ನೋಡಿ, ಕುತ್ತಿಗೆಯ ಮೂಳೆ ಸವೆದಿದೆಯೆಂದು ಪಟ್ಟಿ ಹಾಕಿಸಿದರು. ನನ್ನ ವಯಸ್ಸಿನ ಬಹುಪಾಲು ಜನರ ಕುತ್ತಿಗೆಯಲ್ಲಿ ಅಂಥ ಸವೆತ ಕಾಣುತ್ತದೆ ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಎಲ್ಲರೂ ಬರೆದುಕೊಟ್ಟದ್ದು ಸುತ್ತು ತಡೆಯುವ ಒಂದೇ ಬಗೆಯ ಮಾತ್ರೆಯನ್ನು. ಅದನ್ನು ನಾನು ಎಂಟು ತಿಂಗಳು ನುಂಗಿದೆ. ಪ್ರೊಕ್ಲೋರ್‌ಪೆರಜಿನ್, ಸಿನ್ನಾರಿಜಿನ್‌ನಂತಹ ಔಷಧಗಳು ಸುತ್ತು, ವಾಂತಿ ತೀವ್ರವಾಗಿರುವ ಕೆಲವು ದಿನಗಳಿಗೆ ಸರಿ. ತಿಂಗಳುಗಟ್ಟಲೆ ತೆಗೆದುಕೊಂಡರೆ ಮಿದುಳು ತಾನಾಗಿ ಹೊಂದಿಕೊಳ್ಳುವುದಕ್ಕೇ ಅವು ಅಡ್ಡಿಯಾಗುತ್ತವೆ; ವಯಸ್ಸಾದವರಲ್ಲಿ ಕೈನಡುಕವನ್ನೂ ತರಬಲ್ಲವು.

ಕೊನೆಗೆ ಮೈಸೂರಿನಲ್ಲಿ ಕಿವಿ, ಮೂಗು, ಗಂಟಲು ತಜ್ಞರೊಬ್ಬರು ನನ್ನನ್ನು ಮಂಚದ ಮೇಲೆ ಕೂರಿಸಿ, ತಲೆಯನ್ನು 45 ಡಿಗ್ರಿ ಬಲಕ್ಕೆ ತಿರುಗಿಸಿ, ಅದು ಮಂಚದ ಅಂಚಿನಿಂದ ತುಸು ಕೆಳಕ್ಕೆ ಬಾಗುವಂತೆ ಥಟ್ಟನೆ ಮಲಗಿಸಿ, ನನ್ನ ಕಣ್ಣುಗಳನ್ನೇ ನೋಡುತ್ತ ನಿಂತರು. ಜಂತಿಗಳು ತಿರುಗಿದ ಹಾಗೆಯೇ ಅಲ್ಲಿಯ ಛಾವಣಿಯೂ ತಿರುಗಿತು. ನನ್ನ ಕಣ್ಣುಗುಡ್ಡೆಗಳು ಅದುರಿದ್ದನ್ನು ಅವರು ಕಂಡರು. 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ವೈದ್ಯರು ವಿವರಿಸಿದ ಪರೀಕ್ಷೆ ಇದು. ಒಳಗಿವಿಯಲ್ಲಿರುವ ಸುಣ್ಣದಂತಹ ಸೂಕ್ಷ್ಮ ಹರಳುಗಳು ತಮ್ಮ ಜಾಗ ಬಿಟ್ಟು ಅರ್ಧವೃತ್ತಾಕಾರದ ನಾಳಗಳೊಳಗೆ ಜಾರಿದಾಗ, ತಲೆ ತಿರುಗಿಸಿದೊಡನೆ ಹೀಗೆ ಸುತ್ತು ಬರುತ್ತದೆ. ಎಪ್ಲಿ ಎಂಬ ವೈದ್ಯರ ಕ್ರಮದಂತೆ ತಲೆಯನ್ನು ಹಂತ ಹಂತವಾಗಿ ಹೊರಳಿಸಿ ಆ ಹರಳುಗಳನ್ನು ಹಿಂದಕ್ಕೆ ಕಳುಹಿಸಬಹುದು. ನನಗೆ ಎರಡು ಭೇಟಿಗಳಲ್ಲಿ ಆ ಸುತ್ತು ನಿಂತಿತು. ಇಷ್ಟಕ್ಕೆ ಬೇಕಾದದ್ದು ಒಂದು ಮಂಚ ಮತ್ತು ಕಲಿತ ಕೈ.

ಆದರೆ ತಡವಾಗಿತ್ತು. ಸುತ್ತು ಹೋದರೂ ಓಲಾಟ ಉಳಿಯಿತು. ನಿಂತರೆ, ನಡೆದರೆ ಮೈ ತೂಗಿದಂತಾಗುತ್ತದೆ. ಸಂತೆಯ ಜನಜಂಗುಳಿಯಲ್ಲಿ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಅದು ಹೆಚ್ಚುತ್ತದೆ. ನಮ್ಮ ತೋಟದ ಹಳ್ಳದ ಕಾಲುಸಂಕವನ್ನು ನಾನೊಬ್ಬಳೇ ದಾಟಿ ಮೂರು ವರ್ಷವಾಯಿತು. ಮೂರು ತಿಂಗಳಿಗೂ ಮೀರಿ ಉಳಿಯುವ ಇಂಥ ಸ್ಥಿತಿಗೆ ಪಿಪಿಪಿಡಿ (ಪರ್ಸಿಸ್ಟೆಂಟ್ ಪೋಸ್ಚುರಲ್ ಪರ್ಸೆಪ್ಚುಯಲ್ ಡಿಜಿನೆಸ್) ಎಂಬ ಹೆಸರಿದೆ. ಅದರ ಲಕ್ಷಣಗಳನ್ನು ಅಂತರರಾಷ್ಟ್ರೀಯ ತಜ್ಞರು ಒಮ್ಮತದಿಂದ ನಿಗದಿಪಡಿಸಿದ್ದು 2017ರಲ್ಲಿ. ಎಂಆರ್‌ಐ ಚಿತ್ರದಲ್ಲಿ ಅದು ಕಾಣದು. ಹಾಗೆಂದು ಅದು ಮನಸ್ಸಿನ ಕಲ್ಪನೆಯೂ ಅಲ್ಲ. ಕಿವಿ, ಕಣ್ಣು, ಪಾದಗಳಿಂದ ಬರುವ ಸುದ್ದಿಗಳನ್ನು ಮಿದುಳು ಹೊಂದಿಸಿಕೊಳ್ಳುವ ರೀತಿಯಲ್ಲಿ ಆಗಿರುವ ವ್ಯತ್ಯಾಸ ಅದು. ದಿನವೂ ಮಾಡುವ ಸಮತೋಲನದ ವ್ಯಾಯಾಮದಿಂದ ನನಗೆ ನಿಧಾನವಾಗಿ ಗುಣ ಕಾಣುತ್ತಿದೆ. ‘ಏನೂ ಇಲ್ಲ, ಧೈರ್ಯ ತಂದುಕೊಳ್ಳಿ’ ಎಂಬ ಮಾತನ್ನು ಮಾತ್ರ ಯಾವ ರೋಗಿಗೂ ಹೇಳಬಾರದೆಂದು ಕೈಮುಗಿದು ಕೇಳುತ್ತೇನೆ.

ಮೈಸೂರಿಗೆ ಹೋಗಿಬರಲು ನನಗೆ ಪಿಂಚಣಿಯ ಅನುಕೂಲವಿತ್ತು. ಕಾಳುಮೆಣಸು ಕೊಯ್ಯಲು ಏಣಿ ಹತ್ತುವ ತೋಟದ ಕಾರ್ಮಿಕರಿಗೆ ಅದಿಲ್ಲ. ತಲೆಸುತ್ತು ಇದೆಯೆಂದರೆ ಕೂಲಿ ತಪ್ಪುತ್ತದೆ, ಮುಚ್ಚಿಟ್ಟು ಹತ್ತಿದರೆ ಪ್ರಾಣಕ್ಕೇ ಅಪಾಯ. ರಕ್ತ ಕಡಿಮೆಯೆಂದು ಕಬ್ಬಿಣದ ಮಾತ್ರೆ ಕೊಟ್ಟು ಕಳುಹಿಸಿದರೆ ಅವರ ಪರೀಕ್ಷೆ ಮುಗಿದಂತಲ್ಲ. ಮಲಗಿ ಹೊರಳಿದಾಗ ಬರುತ್ತದೆಯೇ, ಎದ್ದು ನಿಂತಾಗಲೇ, ಕಿವಿ ಮಂದವಾಗಿದೆಯೇ, ತಲೆನೋವು ಜೊತೆಗಿದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿದರೇ ದಾರಿ ಬಹಳಷ್ಟು ತೆರೆಯುತ್ತದೆ. ಇದ್ದಕ್ಕಿದ್ದಂತೆ ಬಂದ ಸುತ್ತಿನೊಂದಿಗೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ, ನಿಲ್ಲಲೇ ಆಗದಿದ್ದರೆ ಅದು ಪಾರ್ಶ್ವವಾಯುವಿರಬಹುದು. ಅಂಥವರನ್ನು ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಾಸನದಲ್ಲಿಯೂ ಚಿಕ್ಕಮಗಳೂರಿನಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿಯ ತಜ್ಞರು ತಾಲ್ಲೂಕು ಆಸ್ಪತ್ರೆಗಳ ವೈದ್ಯರಿಗೆ ಈ ಪರೀಕ್ಷೆಯನ್ನೂ ಹರಳು ಹೊರಳಿಸುವ ಕ್ರಮವನ್ನೂ ಕಲಿಸಿಕೊಡುವಂತೆ, ವಾರಕ್ಕೊಂದು ದಿನವಾದರೂ ಜಿಲ್ಲಾ ಆಸ್ಪತ್ರೆಯಲ್ಲಿ ಸಮತೋಲನದ ತೊಂದರೆಗೆಂದೇ ಹೊರರೋಗಿ ವಿಭಾಗ ನಡೆಸುವಂತೆ, ವ್ಯಾಯಾಮದ ಚಿತ್ರಗಳಿರುವ ಕನ್ನಡದ ಒಂದು ಹಾಳೆಯನ್ನು ರೋಗಿಯ ಕೈಗೆ ಕೊಡುವಂತೆ ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳನ್ನು ಕೋರುತ್ತೇನೆ. ನನಗೆ ಸಿಕ್ಕ ಹಾಳೆ ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡಕ್ಕೆ ಬರೆದಿಟ್ಟುಕೊಂಡಿದ್ದೇನೆ. ತಜ್ಞರು ತಿದ್ದಿಕೊಡುವುದಾದರೆ ಒಪ್ಪಿಸಲು ಸಿದ್ಧಳಿದ್ದೇನೆ.

– ನಿವೃತ್ತ ಶಿಕ್ಷಕಿ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ